ಮೇಪಲ್ಲೋ ಬೀಟೆಯೋ

"ಮಾಸ್ತರ, ಮೇಪಲ್ ಹಾಕಿಸ್ಲೋ, ಬೀಟೆ ಹಾಕಿಸ್ಲೋ?"

ಕೊಟ್ರೇಶ ಹೊಸ್ತಿಲು ದಾಟಿದವನು ಕುಳಿತುಕೊಳ್ಳುವ ಮೊದಲೇ ಇದನ್ನು ಕೇಳಿದ. ದೇವದಾನ ಮಾಸ್ತರು ಹುಬ್ಬಳ್ಳಿಯ ತಮ್ಮ ಮನೆಯ ಪಡಸಾಲೆಯಲ್ಲಿ ಬೇಸ್ ಗಿಟಾರ್ ಕಲಿಸುತ್ತಿದ್ದರು. ಕಲಿಯಲು ಬರುವವರು ಕಡಿಮೆ. ಎಲ್ಲರಿಗೂ ಮುಂದೆ ನಿಂತು ಮೆರೆಯುವ ಗಿಟಾರ್ ಬೇಕು. ಹಿಂದೆ ನಿಂತು ಕೆಳಗಿನ ಸ್ವರ ಹಿಡಿಯುವ ಬೇಸ್ ಯಾರಿಗೆ ಬೇಕು? ಬಂದ ಕೆಲವರಲ್ಲಿ ಕೊಟ್ರೇಶನೇ ಗಟ್ಟಿ. ಕೈ ಶುದ್ಧ, ಕಿವಿ ಚುರುಕು. ಮನಸ್ಸು ಮಾತ್ರ ಒಂದು ಕಡೆ ನಿಲ್ಲದು.

ಅವನ ಬೇಸಿನ ಬೆರಳುಹಲಗೆ ಬಿರುಕು ಬಿಟ್ಟಿತ್ತು. ತಂತಿಗಳ ಕೆಳಗೆ, ಬೆರಳು ಒತ್ತುವ ಜಾಗದಲ್ಲಿ ಅಂಟಿಸಿರುವ ಉದ್ದನೆಯ ಮರದ ಪಟ್ಟಿ ಅದು. ಹೊಸದು ಹಾಕಿಸಲೇಬೇಕಿತ್ತು. ರಿಪೇರಿಯವನ ಬಳಿ ಎರಡು ಪಟ್ಟಿ ಸಿದ್ಧವಿದ್ದವು. ಒಂದು ಮೇಪಲ್. ಹೊರದೇಶದ ಬಿಳಿ ಮರ, ಮೇಲೆ ಗಾಜಿನಂತೆ ನುಣುಪಾದ ವಾರ್ನಿಷ್. ಅದರ ಮೇಲೆ ಸ್ವರ ಮುಟ್ಟಿದ ಕೂಡಲೇ ಟಣ್ ಎಂದು ಎದ್ದು ಬರುತ್ತದೆ. ಇನ್ನೊಂದು ಬೀಟೆ. ನಮ್ಮ ಕಡೆಯ ಕಪ್ಪು ಮರ, ವಾರ್ನಿಷ್ ಇಲ್ಲದ ಬರಿ ಮೈ. ಅದರ ಮೇಲೆ ಸ್ವರ ದುಂಡಗೆ, ಸಾವಕಾಶವಾಗಿ ಬರುತ್ತದೆ. ಕೊಟ್ರೇಶನ ಬೇಸಿಗೆ ವೀಣೆಗಿರುವಂತಹ ಲೋಹದ ಮೆಟ್ಟಿಲುಗಳಿರಲಿಲ್ಲ. ತಂತಿ ನೇರವಾಗಿ ಮರವನ್ನೇ ಮುಟ್ಟುತ್ತಿತ್ತು. ಹಾಗಾಗಿ ಯಾವ ಮರ ಎನ್ನುವುದು ಅವನಿಗೆ ಸಣ್ಣ ಮಾತಾಗಿರಲಿಲ್ಲ.

ಅವನು ಕೇಳದ ಜನವಿಲ್ಲ, ನೋಡದ ವಿಡಿಯೋ ಇಲ್ಲ. ಬೆಳಿಗ್ಗೆ ಮೇಪಲ್ ಎನ್ನುವನು, ಉಂಡು ಎದ್ದ ಮೇಲೆ ಬೀಟೆ ಎನ್ನುವನು, ಸಂಜೆ ಚಹಾದ ಹೊತ್ತಿಗೆ ಮತ್ತೆ ಮೇಪಲ್. ರಿಪೇರಿಯವನಿಗೂ ಸಾಕಾಗಿ ಹೋಗಿತ್ತು. ನಾಳೆ ಬೆಳಿಗ್ಗೆ ಹೇಳದಿದ್ದರೆ ಕೈಗೆ ಸಿಕ್ಕಿದ್ದನ್ನು ಅಂಟಿಸಿಬಿಡುತ್ತೇನೆ ಎಂದು ಅವನು ಹೆದರಿಸಿದ್ದ. ಮುಂದಿನ ವಾರ ಕೊಟ್ರೇಶನ ಸುಗಮ ಸಂಗೀತದ ಗುಂಪಿಗೆ ಕಾರ್ಯಕ್ರಮ ಬೇರೆ ಇತ್ತು.

"ಖೋಲಿ ಬಾಗಲಾ ಹಾಕ್ಕೊಂಡು, ಕಿವಿಗೆ ಹೆಡ್‌ಫೋನ್ ಹಾಕ್ಕೊಂಡು ಎರಡನ್ನೂ ಕೇಳೇನ್ರಿ. ಕೇಳಿ ಕೇಳಿ ತಲಿ ಕೆಟ್ಟೈತಿ. ನೀವ ಒಂದು ಹೇಳಿಬಿಡ್ರಿ. ನೀವು ಹೇಳಿದ್ದ ಹಾಕಸ್ತೀನಿ."

ಮಾಸ್ತರು ತಮ್ಮ ಬೇಸನ್ನು ಗೋಡೆಗೆ ಒರಗಿಸಿದರು.

"ಹೇಳೂಣಂತ. ಮೊದಲ ಕುಂದ್ರು."

ಕೊಟ್ರೇಶ ಕುಳಿತ. ಮಾಸ್ತರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಂದು ಆರ್ಕೆಸ್ಟ್ರಾ ಇತ್ತು. ಮದುವೆ, ಗಣಪತಿ ಪೆಂಡಾಲು, ಸಂಘದ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗಿ ಹಳೆಯ ಹಾಡುಗಳನ್ನು ಹಾಡಿ, ನುಡಿಸಿ ಬರುವ ತಂಡ. ಅದರಲ್ಲಿ ಒಬ್ಬ ಬೇಸ್ ವಾದಕನಿದ್ದ.

ಬೇಸ್ ವಾದಕ ಒಬ್ಬನಿದ್ದಾನೆ ಎಂದು ಜನಕ್ಕೆ ಗೊತ್ತಾಗುವುದು ಅವನು ನುಡಿಸುವುದನ್ನು ನಿಲ್ಲಿಸಿದಾಗ ಮಾತ್ರ. ನುಡಿಸುತ್ತಿರುವಷ್ಟು ಹೊತ್ತು ಹಾಡು ಚೆನ್ನಾಗಿದೆ ಎನ್ನುತ್ತಾರೆ, ಏಕೆ ಎಂದು ಕೇಳುವುದಿಲ್ಲ. ಒಮ್ಮೆ ಒಂದು ಮದುವೆಯಲ್ಲಿ ಫೋಟೊ ತೆಗೆಯುವವನೊಬ್ಬ ಈ ವಾದಕನನ್ನು ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದ. ಹಾಡು ಇನ್ನೂ ನಡೆದಿತ್ತು. ವಾದಕ ಸರಿದು ನಿಂತ, ಒಂದು ಸ್ವರವನ್ನೂ ಕೈಬಿಡಲಿಲ್ಲ. ಅಂಥ ಮನುಷ್ಯ.

ಅವನದೂ ಮೆಟ್ಟಿಲಿಲ್ಲದ ಬೇಸೇ, ಬೀಟೆಯ ಹಲಗೆಯದು. ಯಾರದೋ ಮನೆಯ ಹಳೆಯ ಕಪಾಟಿನ ಬಾಗಿಲನ್ನು ಸೀಳಿ, ಉಜ್ಜಿ, ಊರಿನ ಬಡಗಿಯೇ ಮಾಡಿಕೊಟ್ಟಿದ್ದ. ಬರಿ ಮೈಯ ಮರ ಬೆರಳನ್ನು ಹಿಡಿಯುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಬೇಕೆಂದರೆ ಸುಮ್ಮನೆ ಆಗುವುದಿಲ್ಲ. ಹಾಗಾಗಿ ಅವನ ಕೈಗೆ ಒಂದು ಅಭ್ಯಾಸ ಬಂದುಬಿಟ್ಟಿತ್ತು. ಸ್ವರ ಕಡಿಮೆ ನುಡಿಸುವುದು. ನುಡಿಸಿದ್ದನ್ನು ಅದು ತಾನಾಗಿ ಮುಗಿಯುವವರೆಗೆ ಹಿಡಿದುಕೊಳ್ಳುವುದು. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ, ಮರವೇ ಕಲಿಸಿತ್ತು.

ಆ ತಂಡಕ್ಕೆ ಒಬ್ಬ ಹಾಡುಗಾರ್ತಿ ಇದ್ದಳು. ಜನ ಬರುತ್ತಿದ್ದದ್ದೇ ಆಕೆಯನ್ನು ಕೇಳಲು. ತಲೆಗೂದಲು ಅರ್ಧ ಬೆಳ್ಳಗಾಗಿತ್ತು. ಮೈಕಿನ ಮುಂದೆ ಕುಣಿಯುವುದಿಲ್ಲ, ಕೈ ಬೀಸುವುದಿಲ್ಲ, ಸೆರಗು ಹೊದ್ದು ನಿಂತರೆ ಹಾಡು ಮುಗಿಯುವವರೆಗೂ ಅದೇ ನಿಲುವು. ಆದರೆ ಎಂಥ ಹಾಡುಗಾರಿಕೆ! ಹಾಡಿನ ಎಲ್ಲಕ್ಕಿಂತ ಮೇಲಿನ ಸ್ವರವಿರುತ್ತದಲ್ಲ, ಬೇರೆಯವರು ಅಲ್ಲಿಗೆ ಓಡಿ ಹೋಗಿ, ಮುಟ್ಟಿ, ಜೀವ ಉಳಿಸಿಕೊಂಡವರ ಹಾಗೆ ಇಳಿದುಬಿಡುತ್ತಾರೆ. ಆಕೆ ನಡೆದು ಹೋಗುತ್ತಿದ್ದಳು. ಹೋಗಿ ಅಲ್ಲಿಯೇ ಕೂತುಬಿಡುತ್ತಿದ್ದಳು. ಆಕೆ ಅಲ್ಲಿ ಕೂತಷ್ಟು ಹೊತ್ತು ಪೆಂಡಾಲಿನ ಹಿಂದೆ ಸಾರು ಕುದಿಸುತ್ತಿದ್ದ ಅಡುಗೆಯವರು ಕೂಡ ಸೌಟು ಹಿಡಿದು ನಿಂತುಬಿಡುತ್ತಿದ್ದರು. ಅದನ್ನು ಕೇಳಿದವರು ಪುಣ್ಯವಂತರು.

ಆಕೆಗೆ ಒಂದು ವಿಚಿತ್ರ ರೂಢಿಯಿತ್ತು. ವೇದಿಕೆಯ ನಟ್ಟನಡುವೆ ನಿಲ್ಲುತ್ತಿರಲಿಲ್ಲ. ಒಂದು ಬದಿಗೆ, ಬೇಸ್ ವಾದಕನ ಸ್ಪೀಕರ್ ಪೆಟ್ಟಿಗೆಯನ್ನು ತನ್ನ ಎಡಕ್ಕೆ ಮಾಡಿಕೊಂಡು ನಿಲ್ಲುತ್ತಿದ್ದಳು. ತಂಡದ ಯಜಮಾನನಿಗೆ ಇದು ಸೇರುತ್ತಿರಲಿಲ್ಲ. ನಡುವೆ ನಿಂತರೆ ನೋಡುವವರಿಗೆ ಚೆಂದ ಎಂದು ಎಷ್ಟು ಸಲ ಹೇಳಿದರೂ ಆಕೆಯದು ಒಂದೇ ಉತ್ತರ, "ಇಲ್ಲಿ ಫ್ಯಾನಿನ ಗಾಳಿ ಬರ್ತೈತ್ರಿ." ಬೇಸ್ ವಾದಕನೂ ಅದನ್ನೇ ನಂಬಿದ್ದ. ಫ್ಯಾನ್ ಇಲ್ಲದ ವೇದಿಕೆಯಲ್ಲೂ ಆಕೆ ಅಲ್ಲೇ ನಿಲ್ಲುತ್ತಾಳೆ ಎಂಬುದನ್ನು ಅವನು ಗಮನಿಸಿರಲಿಲ್ಲ.

ಹೀಗಿರುವಾಗ ಬೇರೆ ಊರಿನ ಒಂದು ತಂಡ ಅಲ್ಲಿಗೆ ಬಂತು. ಅವರ ಬೇಸಿಗೆ ಮೇಪಲ್ ಹಲಗೆ. ನಮ್ಮ ವಾದಕ ಸಂಕೋಚದಿಂದಲೇ ಕೇಳಿ ಅದನ್ನು ಕೈಗೆ ತೆಗೆದುಕೊಂಡ. ಬೆರಳಿಟ್ಟದ್ದೇ ತಡ, ಕೈ ಓಡಿತು. ಹಿಡಿಯುವುದಿಲ್ಲ, ತಡೆಯುವುದಿಲ್ಲ, ನೆನೆದ ಜಾಗಕ್ಕೆ ಬೆರಳು ಹೋಗಿ ನಿಲ್ಲುತ್ತದೆ. ಪ್ರತಿ ಸ್ವರವೂ ತನ್ನ ಹೆಸರು ಹೇಳಿಕೊಂಡು ಹೊರಗೆ ಬರುತ್ತದೆ. ಇಷ್ಟು ವರ್ಷ ತಾನು ಕೈಗೆ ಭಾರ ಕಟ್ಟಿಕೊಂಡು ನುಡಿಸುತ್ತಿದ್ದೆನೇ ಎಂದು ಅವನಿಗೆ ಅನಿಸಿತು.

ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ. ಪ್ರೀತಿಯಲ್ಲಿ ಬಿದ್ದವರ ಕತೆಯೇ ಬೇರೆ. ಕೊನೆಗೆ ಎಲ್ಲೆಲ್ಲೋ ಹುಡುಕಿಸಿ ಮೇಪಲ್ ಹಲಗೆಯ ಒಂದು ಬೇಸನ್ನು ತರಿಸಿಯೇಬಿಟ್ಟ. ಬೀಟೆಯದನ್ನು ಅರಿವೆ ಸುತ್ತಿ ಕಪಾಟಿನ ಮೇಲಿಟ್ಟ. ಮನೆಯಲ್ಲಿ ಒಬ್ಬನೇ ಕುಳಿತು ಹಗಲೆಲ್ಲ ಅಭ್ಯಾಸ ಮಾಡಿದ. ಅವನ ಹೆಂಡತಿ ರೊಟ್ಟಿ ಬಡಿಯುತ್ತಿದ್ದವಳು ಹೊರಗೆ ಬಂದು, "ಇಷ್ಟು ವರ್ಷಕ್ಕ ಇವತ್ತ ನೋಡ್ರಿ, ನೀವು ಏನು ಬಾರಸ್ತೀರಿ ಅಂತ ನನಗ ತಿಳದದ್ದು" ಎಂದಳು. ಅವನಿಗೆ ಹೊಟ್ಟೆ ತುಂಬಿತು.

ಮುಂದಿನ ಕಾರ್ಯಕ್ರಮದಲ್ಲಿ ಅವನು ಅದನ್ನೇ ನುಡಿಸಿದ. ಹಾಡಿನ ಸಾಲು ಸಾಲಿನ ನಡುವೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲೆಲ್ಲ ಬೆರಳು ಓಡಿಸಿದ. ಏಣಿ ಹತ್ತಿದ, ಇಳಿದ, ತಿರುಗಿ ಹತ್ತಿದ. ಇಲ್ಲಿ ಸುಳ್ಳು ಹೇಳಬಾರದು. ಅವನು ನಿಜಕ್ಕೂ ಸೊಗಸಾಗಿ ನುಡಿಸಿದ. ಒಂದು ಸ್ವರ ತಪ್ಪಲಿಲ್ಲ, ಒಂದು ಏಟು ತಾಳ ಬಿಡಲಿಲ್ಲ. ಜನ ಕತ್ತು ಚಾಚಿ, ಇದನ್ನು ಯಾರು ನುಡಿಸುತ್ತಿದ್ದಾರೆ ಎಂದು ನೋಡಿದರು. ಹಾಡು ಮುಗಿದಾಗ ಯಜಮಾನ ಮೈಕಿನಲ್ಲಿ ಅವನ ಹೆಸರು ಹೇಳಿದ. ಕಾರ್ಯಕ್ರಮ ಮುಗಿದ ಮೇಲೆ ಗುರುತಿಲ್ಲದವರು ಬಂದು ಅವನ ಕೈ ಕುಲುಕಿದರು. ಅಷ್ಟು ಕಾಲ ಹಿಂದೆ ನಿಂತವನಿಗೆ ಇದು ಎಂಥ ಸುಖ ಎಂಬುದನ್ನು ಹಿಂದೆ ನಿಂತವರೇ ಬಲ್ಲರು.

ಅದೇ ದಿನ ಹಾಡುಗಾರ್ತಿ ಮೇಲಿನ ಸ್ವರಕ್ಕೆ ಹೋದಳು, ಕೂರಲಿಲ್ಲ. ಕೂದಲೆಳೆಯಷ್ಟು ಕೆಳಗೆ ಮುಟ್ಟಿ ಇಳಿದುಬಿಟ್ಟಳು. ಗಂಟಲು ಸರಿಯಿಲ್ಲವೇನೋ ಎಂದು ಎಲ್ಲರೂ ಸುಮ್ಮನಾದರು. ಮುಂದಿನ ಕಾರ್ಯಕ್ರಮದಲ್ಲೂ ಹಾಗೆಯೇ ಆಯಿತು. ಅದರ ಮುಂದಿನದರಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಅಡುಗೆಯವರು ಈಗ ಸೌಟು ನಿಲ್ಲಿಸುತ್ತಿರಲಿಲ್ಲ. ಆಕೆ ಯಾರಿಗೂ ಏನೂ ಹೇಳಲಿಲ್ಲ. ಹಾಡುವಾಗ ಪೆಟ್ಟಿಗೆಯ ಕಡೆಗೆ ಇನ್ನಷ್ಟು ಸರಿದು ನಿಲ್ಲುತ್ತಿದ್ದಳು, ಅಷ್ಟೇ.

ಯಜಮಾನ ಒಳ್ಳೆಯವನೇ, ಆದರೆ ತಂಡ ನಡೆಯಬೇಕಲ್ಲ. ಬೇರೊಬ್ಬ ಹಾಡುಗಾರ್ತಿಯನ್ನು ಮಾತಾಡಿಸಿ ಇಟ್ಟ. ಹೊಸ ಕಲ್ಯಾಣ ಮಂಟಪದಲ್ಲಿ ಒಂದು ಮದುವೆಯ ಕಾರ್ಯಕ್ರಮ ಒಪ್ಪಿಕೊಂಡಾಗಿತ್ತು. ಅದೇ ಈಕೆಯ ಕೊನೆಯದು ಎಂದು ತೀರ್ಮಾನವಾಯಿತು. ಆಕೆಗೂ ತಿಳಿಸಿದರು. ಆಕೆ "ಆತ್ರಿ" ಎಂದಳು. ಹಾಡು ಬಿಟ್ಟರೆ ಆಕೆಗೆ ಬೇರೆ ಬದುಕಿರಲಿಲ್ಲ. ಚಿಕ್ಕವಳಿದ್ದಾಗಿನಿಂದ ಮಾಡಿದ್ದು ಅದೊಂದೇ.

ಬೇಸ್ ವಾದಕನಿಗೆ ಕೆಡುಕೆನಿಸಿತು. ಪಾಪ, ವಯಸ್ಸಾಯಿತು ಎಂದುಕೊಂಡ. ಎಲ್ಲರ ಕಂಠವೂ ಒಂದು ದಿನ ಇಳಿಯುವುದೇ ಎಂದು ಹೆಂಡತಿಯ ಮುಂದೆಯೂ ಹೇಳಿದ. ಹೇಳಿ, ಮೇಪಲ್ ಬೇಸ್ ಎತ್ತಿಕೊಂಡು ಅಭ್ಯಾಸಕ್ಕೆ ಕುಳಿತ.

ಇಲ್ಲಿ ಕೊಟ್ರೇಶ ಬಾಯಿ ಹಾಕಿದ. "ಆ ವಾದಕ ಅಂದ್ರ ನೀವ ಏನ್ರಿ, ಮಾಸ್ತರ?"

"ನಾನಲ್ಲೋ ಮಾರಾಯಾ. ಅಷ್ಟು ಛಲೋ ಬಾರಸಾಕ ನನಗೆಲ್ಲಿ ಬರ್ತಿತ್ತು?" ಎಂದು ಮಾಸ್ತರು ನಕ್ಕರು. ಕತೆ ಮುಂದುವರಿಯಿತು.

ಕಾರ್ಯಕ್ರಮಕ್ಕೆ ಕೆಲವು ದಿನ ಮೊದಲು ಮೇಪಲ್ ಬೇಸಿಗೆ ಒಂದು ತೊಂದರೆ ಕಾಣಿಸಿಕೊಂಡಿತು. ಉಕ್ಕಿನ ತಂತಿಗಳು ಉಜ್ಜಿ ಉಜ್ಜಿ ಹಲಗೆಯ ವಾರ್ನಿಷ್ ಮೇಲೆ ಗೀರುಗಳು ಬಿದ್ದಿದ್ದವು. ಮೆಟ್ಟಿಲಿಲ್ಲದ ಬೇಸನ್ನು ಹಾಗೆ ಓಡಿಸಿದರೆ ಮತ್ತೇನಾಗುತ್ತದೆ? ಅದನ್ನು ಮತ್ತೆ ವಾರ್ನಿಷ್ ಮಾಡಲು ಕೊಟ್ಟ. ಆ ಮಧ್ಯೆ ತಾಲೀಮು ಬಂತು. ಬೇರೆ ದಾರಿಯಿಲ್ಲದೆ ಕಪಾಟಿನ ಮೇಲಿದ್ದ ಬೀಟೆಯದನ್ನು ಇಳಿಸಿ, ಧೂಳು ಒರೆಸಿ, ಮುಖ ಗಂಟು ಹಾಕಿಕೊಂಡೇ ತಾಲೀಮಿಗೆ ಹೋದ.

ಹಾಡು ಶುರುವಾಯಿತು. ಅವನು ಬೆರಳು ಓಡಿಸಲು ನೋಡಿದ. ಮರ ಹಿಡಿಯಿತು. ಇನ್ನೊಮ್ಮೆ ನೋಡಿದ, ಮತ್ತೆ ಹಿಡಿಯಿತು. ಬೇಸರವಾಗಿ, ಹಾಳಾಗಲಿ ಎಂದು ಹಳೆಯ ಹಾಗೆಯೇ ಒಂದೊಂದೇ ಸ್ವರ ಹಿಡಿದು ನಿಂತ. ಹಾಡುಗಾರ್ತಿ ಮೇಲಿನ ಸ್ವರದ ಕಡೆಗೆ ಹೊರಟಳು. ಅವಸರವಿಲ್ಲದೆ ನಡೆದಳು. ಹೋದಳು, ಕೂತಳು. ಆ ಸ್ವರ ಹೇಗಿತ್ತೆಂದರೆ ತಬಲಾದವನು ಕೈ ಎತ್ತಿದವನು ಇಳಿಸುವುದನ್ನು ಮರೆತ. ಬಾಗಿಲಲ್ಲಿ ಯಾರೊಡನೆಯೋ ಮಾತಾಡುತ್ತಿದ್ದ ಯಜಮಾನ ಹಿಂತಿರುಗಿ ನೋಡಿದ.

ಹಾಡು ಮುಗಿಯಿತು. ಆಕೆ ಮೆಲ್ಲಗೆ ಅವನ ಕಡೆ ತಿರುಗಿದಳು.

"ಎಲ್ಲಿ ಹೋಗಿದ್ಯೋ ತಮ್ಮಾ, ಇಷ್ಟು ದಿನಾ?"

ಅವನಿಗೆ ಅರ್ಥವಾಗಲಿಲ್ಲ. ಅವನು ಎಲ್ಲಿಗೂ ಹೋಗಿರಲಿಲ್ಲ. ಪ್ರತಿ ಕಾರ್ಯಕ್ರಮದಲ್ಲೂ ಆಕೆಯ ಪಕ್ಕದಲ್ಲೇ ನಿಂತಿದ್ದ, ಹಿಂದೆಂದೂ ನುಡಿಸದಷ್ಟು ನುಡಿಸಿದ್ದ. ಉಳಿದವರು ಚಹಾಕ್ಕೆ ಹೋಗುವವರೆಗೆ ಕಾದು, ಆಕೆಯ ಹತ್ತಿರ ಹೋಗಿ, "ಅಕ್ಕಾರ, ಹಂಗ್ಯಾಕ ಅಂದ್ರಿ?" ಎಂದು ಕೇಳಿದ.

ಆಕೆ ಆಚೀಚೆ ನೋಡಿದಳು. ಯಾರೂ ಇರಲಿಲ್ಲ.

"ನನ್ನ ಬಲಗಿವಿ ಕೇಳ್ಸೂದಿಲ್ಲೋ. ಜ್ವರ ಬಂದಾಗ ಹೋತು. ಭಾಳ ವರ್ಷ ಆತು. ಯಜಮಾನರಿಗೆ ತಿಳಿದ್ರ ನಾಳೆಯಿಂದ ಬರಬ್ಯಾಡ ಅಂತಾರ, ಅದಕ್ಕ ಯಾರ ಮುಂದೂ ಅಂದಿಲ್ಲ. ಮೈಕಿನ ಗದ್ದಲದಾಗ ಒಂದ ಕಿವಿಗೆ ಎಲ್ಲಾ ಕಲಸಿ ಬರ್ತಾವ. ನೀ ಹಿಡದ ಸ್ವರ ಒಂದು ಮಾತ್ರ ಗಟ್ಟಿ ನಿಲ್ತಿತ್ತು ನೋಡು. ಅದರ ಮ್ಯಾಲ ಕಾಲಿಟ್ಟು ನಾ ಮ್ಯಾಲಕ್ಕ ಏರ್ತಿದ್ದೆ. ಈಗೀಗ ಕಾಲಿಡಾಕ ಹೋದ್ರ ಅದು ಇರ್ತಿದ್ದಿಲ್ಲ. ಎತ್ತಾಗೋ ಓಡಿಹೋಗಿರ್ತಿತ್ತು."

ವಾದಕ ಹೆಗಲಿನ ಬೇಸನ್ನು ಕೆಳಗಿಟ್ಟ. "ನನಗ ಒಂದ ಮಾತು ಅನಬಾರದಾಗಿತ್ತ, ಅಕ್ಕಾರ?"

"ಹೆಂಗ ಅನ್ಲೋ? ಅಷ್ಟು ಛಲೋ ಬಾರಸಾಕ ಹತ್ತಿದ್ದಿ. ಮಂದಿ ಮೊದಲನೇ ಸಲ ನಿನ್ನ ಕಡೆ ನೋಡಾಕ ಹತ್ತಿದ್ರು. ನನ್ನ ಸಲುವಾಗಿ ಅದನ್ನ ಬಿಡು ಅಂತ ಯಾವ ಬಾಯಿಲೆ ಹೇಳ್ಲಿ?"

ಇಂಥ ಹೆಂಗಸು ಆಕೆ. ತನ್ನ ಜಾಗ ಕೈಬಿಟ್ಟು ಹೋಗುತ್ತಿದೆ, ಅದಕ್ಕೆ ಕಾರಣ ಯಾರು ಎಂಬುದೂ ಗೊತ್ತು, ಆದರೂ ಪಕ್ಕದವನ ಸಂತೋಷಕ್ಕೆ ಅಡ್ಡ ಬರಬಾರದೆಂದು ಬಾಯಿ ಮುಚ್ಚಿಕೊಂಡು ಹಾಡಿದಳು. ಒಂದೇ ಕಿವಿಯಲ್ಲಿ ಅಷ್ಟು ವರ್ಷ ಆ ಎತ್ತರಕ್ಕೆ ಹೋಗಿ ಕೂತದ್ದು ದೊಡ್ಡದೋ, ಇದು ದೊಡ್ಡದೋ ಎಂದರೆ ಹೇಳುವುದು ಕಷ್ಟ.

ವಾದಕ ಯಜಮಾನನ ಬಳಿಗೆ ಹೋಗಿ, ತಪ್ಪು ಆಕೆಯದಲ್ಲ, ನನ್ನದು ಎನ್ನಬೇಕೆಂದಿದ್ದ. ಆದರೆ ಹಾಗೆಂದರೆ ಕಿವಿಯ ಸಂಗತಿ ಹೇಳಬೇಕಾಗುತ್ತದೆ, ಹೇಳಿದರೆ ಆಕೆಯ ಕೆಲಸ ಇನ್ನೂ ಬೇಗ ಹೋಗುತ್ತದೆ. ತಾಲೀಮಿನ ಹಾಡು ಹೇಗಿತ್ತು ಎಂದಷ್ಟೇ ಕೇಳಿದ. ಯಜಮಾನ, "ತಾಲೀಮಿನ್ಯಾಗ ಯಾರ ಬೇಕಾದ್ರೂ ಹಾಡ್ತಾರ. ಮಂದಿ ಮುಂದ ಹಾಡ್ಲಿ, ಆಮ್ಯಾಲ ನೋಡೂಣು" ಎಂದ. ಇನ್ನು ಬಾಯಿಮಾತು ನಡೆಯುವಂತಿರಲಿಲ್ಲ. ಏನು ಹೇಳಬೇಕಿದ್ದರೂ ಕೈಯಿಂದಲೇ ಹೇಳಬೇಕಿತ್ತು, ಅದೂ ಆ ಒಂದೇ ಕಾರ್ಯಕ್ರಮದಲ್ಲಿ.

ಮದುವೆಯ ದಿನ ಬಂತು. ಅಷ್ಟರಲ್ಲಿ ಮೇಪಲ್ ಬೇಸ್ ಹೊಸ ವಾರ್ನಿಷ್ ಹಚ್ಚಿಕೊಂಡು ವಾಪಸು ಬಂದಿತ್ತು. ಅವನು ಬೀಟೆಯನ್ನೇ ನುಡಿಸುವುದೆಂದು ಮನೆಯಲ್ಲೇ ನಿರ್ಧರಿಸಿದ್ದ. ಆದರೂ ಏನೋ ಅನಿಸಿ ಎರಡನ್ನೂ ಹೊತ್ತುಕೊಂಡು ಹೋದ. ಕಲ್ಯಾಣ ಮಂಟಪದ ಚಾವಣಿ ತಗಡಿನದು, ಗೋಡೆಗಳು ಬೋಳು. ಒಂದು ಸಲ ಚಪ್ಪಾಳೆ ತಟ್ಟಿದರೆ ಅದು ಊರೆಲ್ಲ ಸುತ್ತಿ ಬರುತ್ತಿತ್ತು. ಅಂಥ ಜಾಗದಲ್ಲಿ ಕೆಳಗಿನ ಸ್ವರ ಗುಂಯ್‌ಗುಡುತ್ತದೆ, ಎಲ್ಲಿ ಶುರುವಾಯಿತು ಎಲ್ಲಿ ಮುಗಿಯಿತು ತಿಳಿಯುವುದಿಲ್ಲ.

ಮಧ್ಯಾಹ್ನ, ಜನ ಇನ್ನೂ ಬರುವ ಮೊದಲು, ಅವನು ಬೇಸ್ ವಾದಕರು ಯಾರೂ ಮಾಡದ ಒಂದು ಕೆಲಸ ಮಾಡಿದ. ತನ್ನ ಜಾಗ ಬಿಟ್ಟು ಹೋಗಿ ಹಾಡುಗಾರ್ತಿ ನಿಲ್ಲುವ ಜಾಗದಲ್ಲಿ ನಿಂತ. ಬಲಗಿವಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿದ. ಕೀಬೋರ್ಡ್ ನುಡಿಸುವವನನ್ನು ಕರೆದು, ಎರಡೂ ಬೇಸ್‌ಗಳ ಮೇಲೆ ಅದೇ ಒಂದು ಸ್ವರವನ್ನು ಉದ್ದಕ್ಕೆ ಹಿಡಿಯಲು ಹೇಳಿದ. ಉಳಿದವರಿಗೆ ತಮ್ಮ ತಮ್ಮ ವಾದ್ಯ ಜೋರಾಗಿ ನುಡಿಸಲು ಹೇಳಿದ.

"ಏನೋ ಅದು, ಕಿವಿ ನೋಯಾಕ ಹತ್ತೈತೇನು?" ಎಂದು ತಬಲಾದವನು ಕೂಗಿ ಕೇಳಿದ.

"ಹೂಂನಪಾ, ಭಾಳ ನೋಯಾಕ ಹತ್ತೈತಿ" ಎಂದ ವಾದಕ. ಕೈ ತೆಗೆಯಲಿಲ್ಲ.

ಒಂದೇ ಕಿವಿಯಲ್ಲಿ ಎಲ್ಲವೂ ಕಲಸಿಕೊಂಡು ಬಂತು. ಆಕೆ ಇಷ್ಟು ವರ್ಷ ನಿಂತಿದ್ದ ಗದ್ದಲ ಎಂಥದು ಎಂದು ಅವನಿಗೆ ಅವತ್ತು ಗೊತ್ತಾಯಿತು, ಕಣ್ಣು ತುಂಬಿ ಬಂತು. ಅವನು ಕಣ್ಣು ಮುಚ್ಚಿಕೊಂಡು ಕೇಳಿದ. ತಾನು ಮನೆಯಲ್ಲಿ ಮಾಡಿ ತಂದಿದ್ದ ನಿರ್ಧಾರ ಅಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಮೊದಲಿನಿಂದ ಕೇಳಬೇಕಾಯಿತು. ಎರಡನ್ನೂ ಮತ್ತೆ ನುಡಿಸಲು ಹೇಳಿದ, ಮತ್ತೆ ಕೇಳಿದ. ತನ್ನ ಸ್ಪೀಕರ್ ಪೆಟ್ಟಿಗೆಯನ್ನು ಎಳೆದು ಆಕೆಯ ಎಡಕ್ಕೆ ಇನ್ನೂ ಹತ್ತಿರ ಇಟ್ಟು ಇನ್ನೊಮ್ಮೆ ಕೇಳಿದ. ಕೀಬೋರ್ಡಿನವನಿಗೆ ಬೇಸರ ಬಂದು ಬೈಯುವ ಹೊತ್ತಿಗೆ ವಾದಕ ಆ ಜಾಗ ಬಿಟ್ಟು ಬಂದು, ಒಂದು ಬೇಸನ್ನು ಚೀಲದೊಳಗಿಟ್ಟ. ಇನ್ನೊಂದನ್ನು ಹೆಗಲಿಗೆ ಹಾಕಿಕೊಂಡ.

"ಯಾವುದನ್ನ?" ಎಂದ ಕೊಟ್ರೇಶ.

ಮಾಸ್ತರು ತಾಳು ಎನ್ನುವಂತೆ ಕೈ ಎತ್ತಿದರು.

ಸಂಜೆ ಮಂಟಪ ತುಂಬಿತು. ಹೊಸ ಹಾಡುಗಾರ್ತಿಯೂ ಬಂದು ಯಜಮಾನನ ಪಕ್ಕದಲ್ಲಿ ಕುಳಿತಿದ್ದಳು. ಹಳೆಯವಳು ಸೆರಗು ಹೊದ್ದು ಬಂದು ಮೈಕಿನ ಮುಂದೆ ನಿಂತಳು. ಇದು ಕೊನೆಯದು ಎಂಬುದು ಆಕೆಯ ಮುಖದಲ್ಲಿ ಕಾಣುತ್ತಿರಲಿಲ್ಲ. ಹಾಡು ಶುರುವಾಯಿತು. ಬೇಸ್ ವಾದಕ ಒಂದು ಸ್ವರ ಹಿಡಿದ. ಅದು ಮುಗಿಯುವವರೆಗೆ ಕಾದ. ಇನ್ನೊಂದು ಹಿಡಿದ. ಸಾಲುಗಳ ನಡುವೆ ಬೇಕಾದಷ್ಟು ಜಾಗವಿತ್ತು, ಅವನ ಬೆರಳು ತುಡಿಯಿತು, ಅವನು ಬಿಡಲಿಲ್ಲ. ಅವನ ಕಣ್ಣು ತಂತಿಯ ಮೇಲಿರಲಿಲ್ಲ. ಆಕೆಯ ಬೆನ್ನಿನ ಮೇಲಿತ್ತು. ಆಕೆ ಉಸಿರು ಎಳೆದುಕೊಂಡಾಗ ಹೆಗಲು ಏರುವುದನ್ನು ನೋಡಿ ಅವನು ಸ್ವರ ಇಡುತ್ತಿದ್ದ. ಆಕೆಯ ಕಾಲು ಬೀಳುವ ಮೊದಲೇ ಅಲ್ಲಿ ಮೆಟ್ಟಿಲು ಇರುತ್ತಿತ್ತು.

ಮೇಲಿನ ಸ್ವರ ಬಂತು. ಆಕೆ ನಡೆದು ಹೋದಳು. ಅಲ್ಲಿ ಕೂತಳು. ಎಷ್ಟು ಹೊತ್ತು ಕೂತಳೆಂದರೆ ಜನ ಉಸಿರು ಬಿಡಲು ಹೆದರಿದರು. ಕೂತಲ್ಲೇ ಅದನ್ನು ಇನ್ನೂ ಸ್ವಲ್ಪ ಅರಳಿಸಿದಳು. ಹಾಗೆ ಆಕೆ ಎಂದೂ ಮಾಡಿರಲಿಲ್ಲ. ಮದುಮಗಳ ಅಜ್ಜಿಯೊಬ್ಬಳು ತಾಂಬೂಲದ ತಟ್ಟೆ ಹಿಡಿದು ಹೊರಟವಳು ನಡುದಾರಿಯಲ್ಲೇ ನಿಂತು ಅತ್ತಳು. ಯಜಮಾನ ಟವೆಲಿನಿಂದ ಮುಖ ಒರೆಸಿಕೊಂಡ. ಅವನ ಪಕ್ಕದಲ್ಲಿ ಕುಳಿತಿದ್ದ ಹೊಸ ಹಾಡುಗಾರ್ತಿ ಎದ್ದು ನಿಂತು, "ಇವರು ಇರೂಮಟಾ ನನ್ನ ಕರೀಬ್ಯಾಡ್ರಿ. ನಾ ಇವರ ಕಡೆ ಕಲಿಯಾಕ ಬರ್ತೀನಿ" ಎಂದಳು. ಅವಳೂ ದೊಡ್ಡವಳೇ.

ಹಾಡುಗಾರ್ತಿ ಆ ಮೇಲೆ ಬಹಳ ಕಾಲ ಹಾಡಿದಳು. ಬೇಸ್ ವಾದಕ ಬಹಳ ಕಾಲ ಆಕೆಯ ಎಡಕ್ಕೆ ನಿಂತು ನುಡಿಸಿದ. ಹೊಸ ಊರಿಗೆ ಹೋದಾಗಲೆಲ್ಲ ಎರಡು ಬೇಸ್ ಹೊತ್ತುಕೊಂಡು ಹೋಗುವನು, ಒಂದು ಕಿವಿ ಮುಚ್ಚಿಕೊಂಡು ಆಕೆಯ ಜಾಗದಲ್ಲಿ ನಿಲ್ಲುವನು. ಅವನಿಗೆ ಕಿವಿ ನೋವಿನ ಕಾಯಿಲೆ ಇದೆಯೆಂದು ತಂಡದಲ್ಲೆಲ್ಲ ಸುದ್ದಿಯಾಯಿತು. ಅವನು ಇಲ್ಲ ಎನ್ನಲಿಲ್ಲ. ಯಾರೋ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ತಂದುಕೊಟ್ಟರೆ ಅದನ್ನೂ ಹಾಕಿಸಿಕೊಂಡ. ಜನ ಅವನ ಕೈ ಕುಲುಕುವುದು ನಿಂತುಹೋಯಿತು. ಅವನಂಥ ಬೇಸ್ ವಾದಕ ಆ ಸೀಮೆಯಲ್ಲೇ ಇರಲಿಲ್ಲ.

ಕತೆ ಅಲ್ಲಿಗೆ ನಿಂತಿತು. ಹೊರಗೆ ಯಾರೋ ಸೈಕಲ್ ಬೆಲ್ಲು ಬಾರಿಸುತ್ತ ಹೋದರು. ಮಾಸ್ತರು ತಮ್ಮ ಬೇಸನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡು ಶ್ರುತಿ ಮಾಡತೊಡಗಿದರು. ಕೊಟ್ರೇಶ ತಡೆಯಲಾರದೆ ಕೇಳಿಯೇಬಿಟ್ಟ.

"ಅಲ್ರೀ ಮಾಸ್ತರ, ಆ ತಗಡಿನ ಮಂಟಪದಾಗ ಅಂವ ಹೆಗಲಿಗೆ ಹಾಕ್ಕೊಂಡದ್ದು ಮೇಪಲ್ಲೋ, ಬೀಟೆಯೋ? ಅದನ್ನ ಹೇಳಲೇ ಇಲ್ಲಲ್ರಿ."

ಮಾಸ್ತರು ತಂತಿಯಿಂದ ಕೈ ತೆಗೆದರು.

"ನಿಮ್ಮ ಗುಂಪಿನ್ಯಾಗ ಹಾಡಾಕಿಗೆ ಯಾವ ಸ್ವರ ಕಷ್ಟ, ಹೇಳು ನೋಡೂಣು."

ಕೊಟ್ರೇಶ ಬಾಯಿ ತೆರೆದ. ತಾನು ಅದನ್ನು ಎಂದೂ ಗಮನಿಸಿಯೇ ಇಲ್ಲ ಎಂದು ಆಗ ಹೊಳೆದು, ಚಪ್ಪಲಿ ಮೆಟ್ಟಿ ಆಕೆಯ ಮನೆಯ ಕಡೆಗೆ ಹೊರಟ.